ನಕ್ಷೆಗೆ ಬಣ್ಣ ಹಚ್ಚಿದ್ದು ಸಾಕು, ಇನ್ನು ಓದೋದು ಕಲಿಸಿ

ಹತ್ತನೇ ಕ್ಲಾಸು ಪಾಸಾದ ಯಾರನ್ನ ಬೇಕಾದ್ರೂ ಹಿಡಿದು ಕೇಳಿ, ಭಾರತದ ನಕ್ಷೆ ಬರೆಯೋಕೆ ಬರುತ್ತಾ ಅಂತ. ಕಣ್ಣು ಮುಚ್ಚಿಕೊಂಡು ಬರೆದು ತೋರಿಸ್ತಾರೆ. ಗುಜರಾತಿನ ಮೂತಿ, ಕನ್ಯಾಕುಮಾರಿಯ ಚೂಪು, ಈಶಾನ್ಯಕ್ಕೆ ಹೋಗೋ ಸಣ್ಣ ಕುತ್ತಿಗೆ, ಎಲ್ಲಾ ಕೈಗೆ ಬಾಯಿಪಾಠ ಆಗಿರುತ್ತೆ. ಅದರೊಳಗೆ ಭಾಕ್ರಾ ನಂಗಲ್, ಹಿರಾಕುಡ್, ಕಾಂಡ್ಲಾ ಬಂದರು, 82½ ಡಿಗ್ರಿ ಪೂರ್ವ ರೇಖಾಂಶ ಗುರುತಿಸಿ ಅಂಕ ತಗೊಂಡವರೇ ನಾವೆಲ್ಲ. ಈಗ ಅವರಿಗೇ ಇನ್ನೆರಡು ಪ್ರಶ್ನೆ ಹಾಕಿ. ನೀನು ಬರೆದ ಈ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ನೆಲದ ಮೇಲೆ ಎಷ್ಟು ದೂರ? ಆ 82½ ಡಿಗ್ರಿ ಗೆರೆಯಿಂದ ನಿಮ್ಮೂರಲ್ಲಿ ಏನಾಗುತ್ತೆ? ಮುಖ ಮುಖ ನೋಡ್ತಾರೆ.

ನನ್ನ ತಕರಾರು ಇಷ್ಟೇ. ನಮ್ಮ ಶಾಲೆಗಳು ನಕ್ಷೆ ಬರೆಯೋದು ಕಲಿಸ್ತವೆ, ಬಣ್ಣ ಹಚ್ಚೋದು ಕಲಿಸ್ತವೆ, ಓದೋದು ಕಲಿಸಲ್ಲ. ನಕ್ಷೆ ಓದೋದು ಅಂದ್ರೆ ನಾಲ್ಕು ಪ್ರಶ್ನೆ ಕೇಳೋದು: ಇದನ್ನ ಮಾಡಿದ್ದು ಯಾರು? ಯಾವ ಕೆಲಸಕ್ಕೆ? ಎಷ್ಟು ಕುಗ್ಗಿಸಿ? ಏನನ್ನ ಬಿಟ್ಟು? "ಇದೇನು ಮಹಾ, ಭೂಗೋಳದ ಮೇಷ್ಟ್ರ ಕೊರಗು" ಅಂತ ಪುಟ ತಿರುಗಿಸಬೇಡಿ. ನಕ್ಷೆಯ ಒಂದು ಗೆರೆ ತೋರಿಸಿ ಈ ರಾಜ್ಯದಲ್ಲಿ ಮನೆಗಳನ್ನ ಉರುಳಿಸಿದ್ದಾರೆ. ನಕ್ಷೆಯ ಒಂದು ಬಣ್ಣಕ್ಕೆ ಹೆದರಿ ಮಲೆನಾಡಿನಲ್ಲಿ ಊರಿಗೆ ಊರೇ ನಿದ್ದೆಗೆಟ್ಟು ಕೂತಿದೆ. ಅಲ್ಲಿಗೆ ಬರ್ತೀನಿ. ಮೊದಲು ಕ್ಲಾಸ್‌ರೂಮಿನ ಗೋಡೆ ಮೇಲೆ ನೇತಾಡೋ ಪ್ರಪಂಚದಿಂದ ಶುರು ಮಾಡೋಣ.

ಒಂದು ಕೊಡಗಿನ ಕಿತ್ತಳೆ ತಗೊಂಡು ಸಿಪ್ಪೆ ಬಿಡಿಸಿ. ಹರಿಯದೆ, ಎಳೆಯದೆ ಅದನ್ನ ಮೇಜಿನ ಮೇಲೆ ಚಪ್ಪಟೆ ಮಾಡಿ. ಆಗಲ್ಲ ಅಲ್ವಾ? ಗೋಳದ ಮೈಯನ್ನ ಅಳತೆ ಕೆಡದ ಹಾಗೆ ಸಮತಟ್ಟು ಮಾಡೋಕೆ ಸಾಧ್ಯವೇ ಇಲ್ಲ ಅನ್ನೋದಕ್ಕೆ ಜರ್ಮನಿಯ ಗಣಿತಜ್ಞ ಗಾಸ್ 1827ರಲ್ಲೇ ಲೆಕ್ಕದ ಸಾಕ್ಷಿ ಕೊಟ್ಟ. ಅಂದ್ರೆ ಪ್ರಪಂಚದ ಪ್ರತಿಯೊಂದು ನಕ್ಷೆಯೂ ಎಲ್ಲೋ ಒಂದು ಕಡೆ ಸುಳ್ಳು ಹೇಳಲೇಬೇಕು. ಆಕಾರ ಉಳಿಸಿಕೊಂಡರೆ ವಿಸ್ತೀರ್ಣ ಕೆಡುತ್ತೆ, ವಿಸ್ತೀರ್ಣ ಉಳಿಸಿಕೊಂಡರೆ ಆಕಾರ ಸೊಟ್ಟಗಾಗುತ್ತೆ. ಯಾವ ಸುಳ್ಳನ್ನ ಒಪ್ಪಿಕೊಳ್ಳೋದು ಅನ್ನೋ ತೀರ್ಮಾನದ ಹೆಸರೇ ಪ್ರೊಜೆಕ್ಷನ್. ಪಠ್ಯಪುಸ್ತಕದ ಭಾಷೆಯಲ್ಲಿ ಪ್ರಕ್ಷೇಪ.

ಗೋಡೆ ಮೇಲೆ ಹೆಚ್ಚಾಗಿ ಕಾಣ್ತಿದ್ದ ಪ್ರಪಂಚ ಮರ್ಕೇಟರ್‌ನದ್ದು. 1569ರಲ್ಲಿ ಆತ ಅದನ್ನ ಮಾಡಿದ್ದು ಹಡಗಿನವರಿಗೋಸ್ಕರ. ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋದರೆ ಆ ದಾರಿ ನಕ್ಷೆ ಮೇಲೆ ನೇರ ಗೆರೆಯಾಗಿ ಬೀಳುತ್ತೆ. ನಡುಸಮುದ್ರದಲ್ಲಿ ನಿಂತವನಿಗೆ ಅದಕ್ಕಿಂತ ಉಪಕಾರ ಬೇರೆ ಇಲ್ಲ. ಆದರೆ ಅದಕ್ಕೆ ಬೆಲೆ ಇದೆ. ಸಮಭಾಜಕದಿಂದ ದೂರ ಹೋದ ಹಾಗೆಲ್ಲ ನೆಲ ಹಿಗ್ಗುತ್ತೆ. 60ನೇ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು. ಗ್ರೀನ್‌ಲ್ಯಾಂಡ್ ನಿಜಕ್ಕೂ ಇರೋದು ಸುಮಾರು 21.6 ಲಕ್ಷ ಚದರ ಕಿಲೋಮೀಟರ್, ನಮ್ಮ ಭಾರತ 32.87 ಲಕ್ಷ, ಆಫ್ರಿಕಾ 3 ಕೋಟಿ. ಗೋಡೆ ಮೇಲೆ ನೋಡಿದ್ರೆ ಗ್ರೀನ್‌ಲ್ಯಾಂಡ್ ಆಫ್ರಿಕಾದ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತೆ, ಭಾರತ ಅದರ ಮುಂದೆ ಅಂಗೈಯಗಲ.

ದೂರದ ಗ್ರೀನ್‌ಲ್ಯಾಂಡ್ ಯಾಕೆ, ನಮ್ಮನ್ನ ಆಳಿದವರ ಲೆಕ್ಕವನ್ನೇ ನೋಡಿ. ಕರ್ನಾಟಕ 1,91,791 ಚದರ ಕಿಲೋಮೀಟರ್. ಇಡೀ ಯುನೈಟೆಡ್ ಕಿಂಗ್‌ಡಮ್ ಸುಮಾರು 2.43 ಲಕ್ಷ. ಅಂದ್ರೆ ಆ ಸಾಮ್ರಾಜ್ಯದ ತವರು ನಮ್ಮ ಒಂದು ರಾಜ್ಯದ ಒಂದೂಕಾಲು ಪಟ್ಟಿಗಿಂತ ಚೂರು ಜಾಸ್ತಿ, ಅಷ್ಟೇ. ಮರ್ಕೇಟರ್ ನಕ್ಷೆಯಲ್ಲಿ ಅದು ನಮ್ಮ ಮೂರು ಪಟ್ಟಿಗಿಂತ ದೊಡ್ಡದಾಗಿ ಕಾಣುತ್ತೆ. ಆ ಪುಟ್ಟ ದೇಶ ಇಷ್ಟು ದೊಡ್ಡದು ಅಂತ ನಮ್ಮ ಎಷ್ಟು ತಲೆಮಾರಿನ ಮಕ್ಕಳ ಕಣ್ಣು ನಂಬಿಕೊಂಡು ಬಂತೋ!

ಇಲ್ಲಿ ವಾಟ್ಸಾಪ್ ಪಂಡಿತರು ಎದ್ದು ನಿಲ್ತಾರೆ. "ನೋಡಿದ್ರಾ, ಬಿಳಿಯರ ಪಿತೂರಿ!" ಅಂತ. ಸ್ವಲ್ಪ ತಡೀರಿ. ಮರ್ಕೇಟರ್ ಪಿತೂರಿ ಮಾಡಲಿಲ್ಲ, ಹಡಗಿಗೆ ಹತ್ಯಾರ ಮಾಡಿಕೊಟ್ಟ. ತಪ್ಪು ಆ ಹತ್ಯಾರವನ್ನ ತಂದು ಐದನೇ ಕ್ಲಾಸಿನ ಗೋಡೆಗೆ ಮೊಳೆ ಹೊಡೆದವರದ್ದು. ಕೊಡಲಿ ಒಳ್ಳೇದೇ, ಹಾಗಂತ ಅದರಲ್ಲಿ ಗಡ್ಡ ಹೆರೆಯೋಕೆ ಹೋಗ್ತೀವಾ? ಇದಕ್ಕೆ ಮದ್ದು ಅಂತ 1973ರಲ್ಲಿ ಆರ್ನೋ ಪೀಟರ್ಸ್ ವಿಸ್ತೀರ್ಣ ಸರಿಯಿರೋ ನಕ್ಷೆ ಮುಂದಿಟ್ಟ. ಅದೂ ಹೊಸದೇನಲ್ಲ, ಸ್ಕಾಟ್‌ಲ್ಯಾಂಡಿನ ಜೇಮ್ಸ್ ಗಾಲ್ 1855ರಲ್ಲೇ ತೋರಿಸಿದ್ದ ವಿದ್ಯೆ. ಅದರಲ್ಲಿ ವಿಸ್ತೀರ್ಣ ಸರಿ, ಆಕಾರ ಮಾತ್ರ ಸೋರೆಕಾಯಿ ಥರ ಉದ್ದಕ್ಕೆ ಜೋತುಬೀಳುತ್ತೆ. 2018ರಲ್ಲಿ ಬಂದ ಈಕ್ವಲ್ ಅರ್ಥ್ ನಕ್ಷೆ ನೋಡೋಕೂ ಚೆನ್ನಾಗಿದೆ, ವಿಸ್ತೀರ್ಣವೂ ಸರಿ. 2025ರಲ್ಲಿ ಆಫ್ರಿಕನ್ ಯೂನಿಯನ್ ಮರ್ಕೇಟರ್ ಕೈಬಿಡಿ ಅನ್ನೋ ಚಳವಳಿಗೆ ಬೆಂಬಲ ಕೊಟ್ಟಿದ್ದು ಇಂಥ ನಕ್ಷೆಗೋಸ್ಕರವೇ.

ತಮಾಷೆ ಅಂದ್ರೆ, ನಿಮ್ಮ ಮೊಬೈಲಿನ ಗೂಗಲ್ ಮ್ಯಾಪ್ ಕೂಡ ಮರ್ಕೇಟರ್‌ನ ಮೊಮ್ಮಗುವೇ. ಅದಕ್ಕೆ ನ್ಯಾಯವಾದ ಕಾರಣ ಇದೆ. ಬೀದಿ ಮಟ್ಟಕ್ಕೆ ಇಳಿದಾಗ ಕೋನ ಕೆಡಬಾರದು, ಚೌಕದಲ್ಲಿ ನೇರವಾಗಿ ಕೂಡೋ ಎರಡು ರಸ್ತೆ ನಕ್ಷೆಯಲ್ಲೂ ನೇರವಾಗೇ ಕೂಡಬೇಕು. ಆ ಕೆಲಸಕ್ಕೆ ಮರ್ಕೇಟರ್ ಸರಿ. ದೇಶ ದೇಶ ಹೋಲಿಸೋ ಕೆಲಸಕ್ಕೆ ತಪ್ಪು. ಯಾವ ಕೆಲಸಕ್ಕೆ ಯಾವ ನಕ್ಷೆ ಅಂತ ಕೇಳೋದು ಕಲಿಸಿದ್ರೆ ಪಿತೂರಿ ಕಥೆ ಬೇಕಾಗಿಲ್ಲ.

ಇನ್ನು ಅಕ್ಷಾಂಶ ರೇಖಾಂಶದ ವಿಷಯ. ಎರಡನ್ನೂ ಒಂದೇ ಉಸಿರಲ್ಲಿ ಪಾಠ ಮಾಡ್ತಾರೆ, ಅಡ್ಡ ಗೆರೆ ಒಂದು, ಉದ್ದ ಗೆರೆ ಒಂದು ಅಂತ. ಅವೆರಡರ ಜಾತಕ ಬೇರೆ ಬೇರೆ ಅಂತ ಯಾರೂ ಹೇಳಲ್ಲ. ಸೊನ್ನೆ ಅಕ್ಷಾಂಶ ಭೂಮಿಯೇ ಕೊಟ್ಟಿದ್ದು. ಭೂಮಿ ತಿರುಗುತ್ತೆ, ತಿರುಗೋದಕ್ಕೆ ಒಂದು ನಡು ಇದೆ, ಅದೇ ಸಮಭಾಜಕ. ಸೊನ್ನೆ ರೇಖಾಂಶ ಮೀಟಿಂಗಿನಲ್ಲಿ ವೋಟು ಹಾಕಿ ತಗೊಂಡಿದ್ದು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶದವರು ಕೂತು ಗ್ರೀನಿಚ್‌ಗೆ ಮತ ಹಾಕಿದ್ರು. ಪರವಾಗಿ 22, ವಿರೋಧ ಒಂದು, ಫ್ರಾನ್ಸ್ ಮತ್ತು ಬ್ರೆಜಿಲ್ ತಟಸ್ಥ. ಫ್ರಾನ್ಸಿನವರ ಸಿಟ್ಟು ಎಷ್ಟಿತ್ತು ಅಂದ್ರೆ, 1911ರಲ್ಲಿ ಕೊನೆಗೂ ಗ್ರೀನಿಚ್ ಸಮಯ ಒಪ್ಪಿಕೊಂಡಾಗಲೂ ಕಾನೂನಿನಲ್ಲಿ ಆ ಹೆಸರು ಬರೆಯಲಿಲ್ಲ. "ಪ್ಯಾರಿಸ್ ಸಮಯದಿಂದ 9 ನಿಮಿಷ 21 ಸೆಕೆಂಡ್ ಹಿಂದೆ" ಅಂತ ಬರೆದ್ರು! ಆ ಸಭೆಯಲ್ಲಿ ನಮ್ಮ ಪರವಾಗಿ ಕೂತಿದ್ದವರು ಬ್ರಿಟಿಷರೇ.

ನಮಗೇನು ಸೊನ್ನೆ ರೇಖೆ ಇರಲಿಲ್ಲವಾ? ಇತ್ತು. ನಮ್ಮ ಸಿದ್ಧಾಂತ ಜ್ಯೋತಿಷದವರು ಉಜ್ಜಯಿನಿಯ ಮೇಲೆ ಹಾದುಹೋಗೋ ರೇಖೆಯಿಂದ ಲೆಕ್ಕ ಹಿಡೀತಿದ್ರು. ಊರು ಅದಕ್ಕಿಂತ ಪೂರ್ವಕ್ಕಿದ್ರೆ ಇಷ್ಟು, ಪಶ್ಚಿಮಕ್ಕಿದ್ರೆ ಇಷ್ಟು ಅಂತ ಕೂಡಿ ಕಳೆಯೋದಕ್ಕೆ ದೇಶಾಂತರ ಅಂತ ಹೆಸರಿಟ್ಟಿದ್ರು. ಉಜ್ಜಯಿನಿ ಇರೋದು ಸುಮಾರು 75.77 ಡಿಗ್ರಿಯಲ್ಲಿ. ಆ ಗೆರೆಯನ್ನ ದಕ್ಷಿಣಕ್ಕೆ ಎಳೆದುಕೊಂಡು ಬನ್ನಿ, ಸರಿಸುಮಾರು ನಮ್ಮ ಚಿಕ್ಕಮಗಳೂರಿನ ಮೇಲೆ ಹಾದುಹೋಗುತ್ತೆ. ಇದನ್ನ ಎದೆ ತಟ್ಟಿಕೊಳ್ಳೋಕೆ ಹೇಳ್ತಿಲ್ಲ. ಉಜ್ಜಯಿನಿಯೂ ಮನುಷ್ಯರು ಆರಿಸಿಕೊಂಡಿದ್ದೇ, ಗ್ರೀನಿಚ್ಚೂ ಮನುಷ್ಯರು ಆರಿಸಿಕೊಂಡಿದ್ದೇ. ಚಿಕ್ಕಮಗಳೂರಿನ ಮಗುವಿಗೆ ಈ ಎರಡು ವಾಕ್ಯ ಹೇಳಿದ್ರೆ ರೇಖಾಂಶ ಅನ್ನೋದು ಅದರ ಜನ್ಮದಲ್ಲಿ ಮರೆಯಲ್ಲ.

82½ ಡಿಗ್ರಿ ಗೆರೆಯ ಕಥೆಯೂ ಹಾಗೇ. ಅದು ಮಿರ್ಜಾಪುರದ ಹತ್ತಿರ ಹಾದುಹೋಗುತ್ತೆ, ಇಡೀ ದೇಶದ ಗಡಿಯಾರ ಅದಕ್ಕೆ ಕಟ್ಟಿದೆ ಅಂತ ಬರೆದರೆ ಅಂಕ ಸಿಗುತ್ತೆ. ಆದರೆ ಭೂಮಿ ಒಂದು ಡಿಗ್ರಿ ತಿರುಗೋಕೆ ನಾಲ್ಕು ನಿಮಿಷ. ಬೆಂಗಳೂರು ಆ ಗೆರೆಯಿಂದ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ, ಮಂಗಳೂರು ಏಳೂವರೆಗಿಂತ ಜಾಸ್ತಿ. ಅಂದ್ರೆ ಬೆಂಗಳೂರಲ್ಲಿ ಸೂರ್ಯ ನೆತ್ತಿಗೆ ಬರೋದು ಸರಾಸರಿ ಹನ್ನೆರಡು ಇಪ್ಪತ್ತಕ್ಕೆ, ಮಂಗಳೂರಲ್ಲಿ ಹನ್ನೆರಡೂವರೆ ಹೊತ್ತಿಗೆ. ವರ್ಷದ ಯಾವ ದಿನ ಅನ್ನೋದರ ಮೇಲೆ ಕೆಲವು ನಿಮಿಷ ಆಚೀಚೆ. ಅಸ್ಸಾಮಿನ ಟೀ ತೋಟದವರು ಈ ಗೆರೆಯ ಸಹವಾಸವೇ ಬೇಡ ಅಂತ ಗಡಿಯಾರವನ್ನ ಒಂದು ಗಂಟೆ ಮುಂದಿಟ್ಟುಕೊಂಡು ಕೆಲಸ ಮಾಡ್ತಾರೆ, ಅದಕ್ಕೆ ಬಾಗಾನ್ ಟೈಮ್ ಅಂತಲೇ ಹೆಸರು. ಶಾಲೆ ಅಂಗಳದಲ್ಲಿ ಒಂದು ಕೋಲು ನೆಟ್ಟು, ನೆರಳು ಎಷ್ಟು ಹೊತ್ತಿಗೆ ಅತಿ ಗಿಡ್ಡ ಆಗುತ್ತೆ ಅಂತ ನೋಡಿದ್ರೆ ಸಾಕು, ನಮ್ಮೂರ ರೇಖಾಂಶ ಮಕ್ಕಳ ಕೈಗೇ ಸಿಗುತ್ತೆ. ಒಂದು ಕೋಲು, ಒಂದು ಗಡಿಯಾರ. ಇದಕ್ಕೆ ಯಾವ ಸ್ಮಾರ್ಟ್ ಕ್ಲಾಸೂ ಬೇಡ.

ನಾವು ಜಾಗ ಹೇಳೋದರಲ್ಲಿ ದಡ್ಡರೇನೂ ಆಗಿರಲಿಲ್ಲ. ಆಸ್ತಿ ಪತ್ರ ತೆಗೆದು ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಬೀಳು. ನಮ್ಮ ಶಾಸನಗಳಲ್ಲಿ ದಾನ ಕೊಟ್ಟ ಭೂಮಿಗೆ ಮರ, ಬಂಡೆ, ಕೆರೆಯ ಕೋಡಿ ಹೆಸರಿಸಿ ಎಲ್ಲೆ ಹೇಳಿದ್ದಾರೆ. ವಾಮನಮುದ್ರೆ, ಲಿಂಗಮುದ್ರೆ ಕಲ್ಲು ನೆಟ್ಟು ಗಡಿ ತೋರಿಸಿದ್ದಾರೆ. ಪುಸ್ತಕದಲ್ಲಿ ಇದಕ್ಕೆ ಸಾಪೇಕ್ಷ ಸ್ಥಾನ ಅಂತಾರೆ. ಅಕ್ಷಾಂಶ ರೇಖಾಂಶ ಕೊಟ್ಟು ಹೇಳಿದ್ರೆ ನಿರಪೇಕ್ಷ ಸ್ಥಾನ. ಮೊದಲನೆಯದು ಊರವರಿಗೆ ಮಾತ್ರ ಅರ್ಥ ಆಗುತ್ತೆ, ಅರಳಿಮರ ಬಿದ್ದರೆ ಕೆಡುತ್ತೆ. ಎರಡನೆಯದು ಯಾರಿಗೂ ಅರ್ಥ ಆಗುತ್ತೆ, ಆದರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ಹೇಳಲ್ಲ. ಎರಡೂ ಬೇಕು. ಈಗ ನಮ್ಮ ಹತ್ತಿರ ಇರೋದು ಮೂರನೆಯದು, ಮೊಬೈಲಿನ ನೀಲಿ ಚುಕ್ಕೆ. ಅದು "ನೀನು ಇಲ್ಲಿದ್ದೀಯ" ಅನ್ನುತ್ತೆ, "ಇನ್ನೂರು ಮೀಟರ್ ಹೋಗಿ ಎಡಕ್ಕೆ ತಿರುಗು" ಅನ್ನುತ್ತೆ, ತಿರುಗ್ತೀವಿ. ಉತ್ತರ ಯಾವ ಕಡೆ ಅಂತ ಕೇಳಿದ್ರೆ ಬೆಂಗಳೂರಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವರೂ ತಡವರಿಸ್ತಾರೆ. ಜಾಗ ಗೊತ್ತಿರೋದಕ್ಕೂ ದಾರಿ ಹೇಳಿಸಿಕೊಳ್ಳೋದಕ್ಕೂ ಇರೋ ವ್ಯತ್ಯಾಸವೇ ಮರೆತುಹೋಗಿದೆ.

ನಕ್ಷೆಗಳಲ್ಲಿ ಬಗೆ ಇದೆ ಅಂತ ಪಾಠ ಇದೆ. ರಾಜಕೀಯ ನಕ್ಷೆ, ಪ್ರಾಕೃತಿಕ ನಕ್ಷೆ, ವಿಷಯಾಧಾರಿತ ನಕ್ಷೆ ಅಂತ ಮೂರು ಹೆಸರು ಬರೆಸಿ ಕೈ ತೊಳ್ಕೊಳ್ತಾರೆ. ಆಮೇಲೆ ಜೀವಮಾನ ಪೂರ್ತಿ ನಾವು ನೋಡೋದು ರಾಜಕೀಯ ನಕ್ಷೆ ಒಂದೇ. ಜಿಲ್ಲೆಗೊಂದು ಬಣ್ಣ, ತಾಲೂಕಿಗೊಂದು ಗೆರೆ. ಬೆಂಗಳೂರಿನವರಿಗೆ ವಾರ್ಡ್ ಗೊತ್ತು, ಕ್ಷೇತ್ರ ಗೊತ್ತು, ತಾವಿರೋದು ಯಾವ ಕಣಿವೆಯಲ್ಲಿ ಅಂತ ಗೊತ್ತಿಲ್ಲ. ಊರಿನ ಅರ್ಧ ನೀರು ಕೋರಮಂಗಲ, ಹೆಬ್ಬಾಳ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತೆ. ಇನ್ನರ್ಧ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳ. ಮಳೆನೀರು ವಾರ್ಡ್ ನೋಡಿಕೊಂಡು ಹರಿಯಲ್ಲ. 2022ರ ಸೆಪ್ಟೆಂಬರಿನಲ್ಲಿ ಕೋಟಿಗಟ್ಟಲೆ ಕೊಟ್ಟ ವಿಲ್ಲಾಗಳ ಹಜಾರದಲ್ಲಿ ದೋಣಿ ಬಂತಲ್ಲ, ಆ ಮನೆ ತಗೊಂಡವರು ಬ್ರೋಷರಿನ ನಕ್ಷೆ ನೋಡಿದ್ರು. ಏರ್‌ಪೋರ್ಟಿಗೆ ಇಷ್ಟು ನಿಮಿಷ, ಮಾಲ್‌ಗೆ ಇಷ್ಟು ನಿಮಿಷ ಅಂತ ಬರೆದಿರೋ ನಕ್ಷೆ. ಏರುತಗ್ಗಿನ ಗೆರೆ ಇರೋ ನಕ್ಷೆಯನ್ನ ಯಾರೂ ತೋರಿಸಲಿಲ್ಲ, ಇವರೂ ಕೇಳಲಿಲ್ಲ.

ಆ ಏರುತಗ್ಗಿನ ನಕ್ಷೆ ಇರಲಿಲ್ಲವಾ? ಇತ್ತು. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಲೆಕ್ಕದಲ್ಲಿ ಕೆರೆ, ಹಳ್ಳ, ದೇವಸ್ಥಾನ, ಕಾಲುದಾರಿ ಎಲ್ಲಾ ತೋರಿಸೋ ಅಪರೂಪದ ಕೆಲಸ ಅದು. ಆ ಸಂಸ್ಥೆ ಹುಟ್ಟಿದ್ದು 1767ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದರ ಬೆನ್ನಿಗೇ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನ ಅಳೆಯೋಕೆ ಶುರುಮಾಡಿದ. ಯಾಕೆ ಅಳೆದ್ರು? ಕಂದಾಯಕ್ಕೆ, ದಂಡು ಸಾಗಿಸೋಕೆ, ಗಡಿ ಗೊತ್ತುಮಾಡೋಕೆ. ಅದು ಅವರ ಕೆಲಸ, ಅವರು ಮಾಡಿದ್ರು. ನನ್ನ ಸಿಟ್ಟು ಆಮೇಲಿನದರ ಮೇಲೆ. ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೂ ಗಡಿ ಮತ್ತು ಕರಾವಳಿಯ ಟೋಪೋಶೀಟುಗಳು ಜನಸಾಮಾನ್ಯರಿಗೆ ನಿರ್ಬಂಧಿತ. 2005ರಲ್ಲಿ ರಾಷ್ಟ್ರೀಯ ನಕ್ಷಾ ನೀತಿ ಬಂದು ಸೇನೆಗೆ ಒಂದು ಸಾಲು, ಜನಕ್ಕೆ ಒಂದು ಸಾಲು ಅಂತ ಮಾಡಿತು. ಅದೇ 2005ರಲ್ಲಿ ಗೂಗಲ್ ಅರ್ಥ್ ಬಂದು ಯಾವುದೋ ದೇಶದಲ್ಲಿ ಕೂತವನಿಗೂ ನಮ್ಮ ಮನೆಯ ತಾರಸಿ ತೋರಿಸಿತು! ಭಾರತೀಯರು ಅನುಮತಿಗೆ ಅಲೆಯದೆ ಭಾರತದ ನಕ್ಷೆ ಮಾಡಬಹುದು ಅಂತ ಸರ್ಕಾರ ಹೇಳಿದ್ದು 2021ರ ಫೆಬ್ರವರಿಯಲ್ಲಿ. ತಮ್ಮ ನೆಲದ ನಕ್ಷೆಯನ್ನ ತಾವೇ ಬಚ್ಚಿಟ್ಟುಕೊಂಡು ಕೂತರೆ ಆ ನೆಲದ ಜನ ನಕ್ಷೆ ಓದೋದು ಎಲ್ಲಿಂದ ಕಲೀಬೇಕು ಹೇಳಿ.

ಈಗ ಮನೆ ಉರುಳಿದ ಮಾತಿಗೆ ಬರ್ತೀನಿ. 2016ರ ಆಗಸ್ಟ್‌ನಲ್ಲಿ ಬೆಂಗಳೂರಲ್ಲಿ ರಾಜಕಾಲುವೆ ಒತ್ತುವರಿ ತೆರವು ಅಂತ ಜೆಸಿಬಿ ಬಂದವು. 2022ರ ಪ್ರವಾಹ ಆದಮೇಲೆ ಮತ್ತೆ ಬಂದವು. ಕೈಯಲ್ಲಿದ್ದ ಆಧಾರ ಹಳೇ ಗ್ರಾಮ ನಕ್ಷೆ. ಕಾಲುವೆ ನುಂಗಿದವರ ಪರ ನಾನು ವಕಾಲತ್ತು ಹಾಕ್ತಿಲ್ಲ. ನುಂಗಿದವರು ಇದ್ದಾರೆ, ನುಂಗಿದ್ದಕ್ಕೇ ಊರು ಮುಳುಗ್ತಿರೋದು. ನಾನು ಕೇಳ್ತಿರೋದು ಗೆರೆಯ ದಪ್ಪ ಎಷ್ಟು ಅಂತ.

ನಮ್ಮ ಹಳೇ ಗ್ರಾಮ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7920. ಹಳೇ ಮಾತಿನಲ್ಲಿ ಹೇಳಬೇಕಂದ್ರೆ ನಕ್ಷೆಯ ಒಂದು ಇಂಚಿಗೆ ನೆಲದ ಮೇಲೆ ಒಂದು ಫರ್ಲಾಂಗು, ಅಂದ್ರೆ 660 ಅಡಿ, 33 ಅಡಿ ಸರಪಳಿಯ ಲೆಕ್ಕದಲ್ಲಿ 20 ಸರಪಳಿ. ಈಗ ಪೆನ್ನಿನ ಗೆರೆ ಅರ್ಧ ಮಿಲಿಮೀಟರ್ ದಪ್ಪ ಅಂತ ಇಟ್ಕೊಳ್ಳಿ. ನೆಲದ ಮೇಲೆ ಅದು ಸುಮಾರು 4 ಮೀಟರ್, ಹದಿಮೂರು ಅಡಿ. ಮೂವತ್ತು-ನಲವತ್ತರ ಸೈಟು ಕಟ್ಟಿಕೊಂಡವನಿಗೆ ಹದಿಮೂರು ಅಡಿ ಅಂದ್ರೆ ಒಂದು ರೂಮು, ಒಂದು ಬಚ್ಚಲು. ಗೆರೆ ಅವನ ಮನೆ ಮೇಲೆ ಹೋಗಿದೆಯಾ, ಪಕ್ಕದಲ್ಲಿ ಹೋಗಿದೆಯಾ ಅಂತ ಆ ನಕ್ಷೆಯೊಂದರಿಂದಲೇ ಹೇಳೋಕಾಗಲ್ಲ. ಅದೇ ನಕ್ಷೆಯನ್ನ ಸ್ಕ್ಯಾನ್ ಮಾಡಿ ಉಪಗ್ರಹದ ಚಿತ್ರದ ಮೇಲೆ ಕೂರಿಸಿ, ಮೊಬೈಲಿನಲ್ಲಿ ಬೆರಳಿಂದ ಹಿಗ್ಗಿಸಿ ನೋಡಿದ್ರೆ ಗೆರೆ ಕೂದಲಷ್ಟು ಸಣ್ಣಗೆ ಕಾಣುತ್ತೆ. ಕಂಪ್ಯೂಟರಿನಲ್ಲಿ ಗೆರೆ ಸಣ್ಣಗಾದ ಮಾತ್ರಕ್ಕೆ ಅಳತೆ ನಿಖರ ಆಗಲ್ಲ. ಒಂದು ಇಂಚಿನ ಫೋಟೋ ಹಿಗ್ಗಿಸಿದ್ರೆ ಅದರಲ್ಲಿಲ್ಲದ ಮುಖ ಮೂಡಿ ಬರುತ್ತಾ?

ಪ್ರತಿ ಸರ್ವೆ ನಂಬರಿನ ನಿಜವಾದ ಅಳತೆ ಇರೋದು ಟಿಪ್ಪಣಿಯಲ್ಲಿ, ಸರಪಳಿ ಆಣೆ ಲೆಕ್ಕದಲ್ಲಿ. ಗ್ರಾಮ ನಕ್ಷೆ ಇರೋದು ಯಾವ ನಂಬರಿನ ಪಕ್ಕ ಯಾವ ನಂಬರು ಅಂತ ತೋರಿಸೋಕೆ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ 33 ಅಡಿ ಅಗಲ, ಒಂದು ಸರಪಳಿಯ ಚೌಕ. ಅಂಥ ನಲವತ್ತು ಸೇರಿದ್ರೆ ಎಕರೆ. ಇದನ್ನ ನಮ್ಮ ತಾತಂದಿರು ಶಾಲೆಗೆ ಹೋಗದೆಯೂ ಬಲ್ಲವರಾಗಿದ್ರು. ಇವತ್ತು ಡಿಗ್ರಿ ಇರೋ ಮೊಮ್ಮಗ ಪಹಣಿ ಕೈಯಲ್ಲಿ ಹಿಡ್ಕೊಂಡು ಬ್ರೋಕರ್ ಮುಖ ನೋಡ್ತಾನೆ. ಅಧಿಕಾರಿ ನಕ್ಷೆ ಬಿಚ್ಚಿ ಬೆರಳಿಟ್ಟು ತೋರಿಸಿದಾಗ "ಸಾರ್, ಇದರ ಪ್ರಮಾಣ ಎಷ್ಟು? ಟಿಪ್ಪಣಿ ಎಲ್ಲಿ? ಸ್ಥಳದ ಅಳತೆ ಯಾವತ್ತು ಆಗಿದ್ದು?" ಅಂತ ಕೇಳೋಕೆ ಬರೋ ಹತ್ತು ಜನ ಒಂದು ಬೀದಿಯಲ್ಲಿದ್ರೆ ಆ ಬೀದಿಯ ಕಥೆಯೇ ಬೇರೆ ಆಗಿರುತ್ತೆ. ನಿಜವಾದ ಒತ್ತುವರಿದಾರನೂ ಆಗ ತಪ್ಪಿಸ್ಕೊಳ್ಳೋಕಾಗಲ್ಲ.

ಬೆಂಗಳೂರು ಬಿಟ್ಟು ಘಟ್ಟಕ್ಕೆ ಹೋಗೋಣ. ಅಲ್ಲಿ ಗೆರೆ ಬದಲು ಬಣ್ಣದ ಜಗಳ. 2011ರ ಗಾಡ್ಗೀಳ್ ವರದಿ ಪಶ್ಚಿಮಘಟ್ಟವನ್ನ ಸುಮಾರು 9 ಕಿಲೋಮೀಟರ್ ಉದ್ದ 9 ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ ನೋಡಿತು. ಒಂದು ಚೌಕ ಅಂದ್ರೆ ಹತ್ತಿರ ಹತ್ತಿರ 20 ಸಾವಿರ ಎಕರೆ. ಕಾಡು, ಗದ್ದೆ, ಅಡಿಕೆ ತೋಟ, ಬಸ್ ಸ್ಟ್ಯಾಂಡು ಎಲ್ಲಾ ಅದರೊಳಗೆ. ಕೊನೆಯ ಗಡಿಯನ್ನ ಗ್ರಾಮಸಭೆಗಳ ಜೊತೆ ಕೂತು ಗೊತ್ತುಮಾಡಬೇಕು ಅಂತ ಆ ವರದಿಯಲ್ಲೇ ಹೇಳಿತ್ತು. ಅದನ್ನ ಓದಿದವರು ಎಷ್ಟು ಜನ? 2013ರ ಕಸ್ತೂರಿರಂಗನ್ ವರದಿ ಚೌಕ ಬಿಟ್ಟು ಉಪಗ್ರಹ ಚಿತ್ರ ಹಿಡಿಯಿತು, ಹಳ್ಳಿಯನ್ನ ಘಟಕ ಮಾಡಿಕೊಂಡಿತು. ಹಳ್ಳಿಯ ನೆಲದಲ್ಲಿ ನೂರಕ್ಕೆ ಇಪ್ಪತ್ತು ಭಾಗ ಸೂಕ್ಷ್ಮ ಅಂತ ಕಂಡ್ರೆ ಇಡೀ ಹಳ್ಳಿ ಪಟ್ಟಿಗೆ. ಹೀಗೆ ಕರ್ನಾಟಕದಲ್ಲಿ 1,576 ಹಳ್ಳಿ, 20,668 ಚದರ ಕಿಲೋಮೀಟರ್ ಬಣ್ಣ ಬಳಿಸಿಕೊಂಡವು.

ಇದು ವಿಷಯಾಧಾರಿತ ನಕ್ಷೆಯ ಹಣೆಬರಹ. ಘಟಕ ಯಾವುದು ಅಂತ ಆರಿಸಿದ ಕ್ಷಣದಲ್ಲೇ ಅರ್ಧ ತೀರ್ಪು ಬರೆದಾಗಿರುತ್ತೆ. ಚೌಕ ಹಿಡಿದ್ರೆ ಒಂದು ಚಿತ್ರ, ಹಳ್ಳಿ ಹಿಡಿದ್ರೆ ಇನ್ನೊಂದು ಚಿತ್ರ, ಸರ್ವೆ ನಂಬರ್ ಹಿಡಿದ್ರೆ ಮತ್ತೊಂದು. ಇಪ್ಪತ್ತರ ಬದಲು ಐವತ್ತು ಅಂತ ಗೊತ್ತುಮಾಡಿದ್ರೆ ಪಟ್ಟಿ ಕುಗ್ಗುತ್ತೆ, ಹತ್ತು ಅಂದ್ರೆ ಹಿಗ್ಗುತ್ತೆ. ನೆಲ ಅಷ್ಟೇ, ಕಾಡು ಅಷ್ಟೇ, ಬಣ್ಣ ಮಾತ್ರ ಬೇರೆ. 2014ರಿಂದ ಕರಡು ಅಧಿಸೂಚನೆಗಳು ಒಂದಾದ ಮೇಲೊಂದು ಬರ್ತಾನೇ ಇವೆ, ರಾಜ್ಯ ಬೇಡ ಅನ್ನುತ್ತಾನೇ ಇದೆ. ಒಂದು ಕಡೆಯವರು "ಒಕ್ಕಲೆಬ್ಬಿಸ್ತಾರೆ" ಅಂತ ಕೂಗ್ತಾರೆ, ಇನ್ನೊಂದು ಕಡೆಯವರು "ಘಟ್ಟ ಮುಗೀತು" ಅಂತ ಕೂಗ್ತಾರೆ. ತಮ್ಮ ಹಳ್ಳಿಯ ಯಾವ ಮೂಲೆ, ಯಾವ ಕಾರಣಕ್ಕೆ ಬಣ್ಣದೊಳಗೆ ಬಂತು ಅಂತ ನಕ್ಷೆ ಹರಡಿಕೊಂಡು ನೋಡಿದ ಸಭೆ ಎಷ್ಟು ಕಂಡಿದ್ದೀರಿ? ಹಳ್ಳಿ ಹೆಸರಿನ ಪಟ್ಟಿ ವಾಟ್ಸಾಪಿನಲ್ಲಿ ಓಡಾಡಿತು, ನಕ್ಷೆ ಪಂಚಾಯಿತಿ ಗೋಡೆಗೆ ಬರಲಿಲ್ಲ. ಕಾಡು ಉಳೀಬೇಕು ಅನ್ನೋನು ನಾನು. ಆದರೆ ನಕ್ಷೆ ತೋರಿಸದೆ ಕಾಡು ಉಳಿಸ್ತೀವಿ ಅಂದ್ರೆ ಜನ ನಂಬಲ್ಲ, ನಂಬಲೂಬಾರದು.

"ಮೇಷ್ಟ್ರಿಗೆ ಸಿಲಬಸ್ ಮುಗಿಸೋಕೇ ಟೈಮಿಲ್ಲ, ಇದೆಲ್ಲ ಎಲ್ಲಿ ಮಾಡ್ತಾರೆ" ಅನ್ನೋ ಮಾತು ಬರುತ್ತೆ ಅಂತ ಗೊತ್ತು. ಸ್ವಾಮಿ, ಹೊಸ ಪಾಠ ಸೇರಿಸಿ ಅಂತ ನಾನು ಕೇಳ್ತಿಲ್ಲ. ಇರೋದನ್ನ ಬದಲಾಯಿಸಿ ಅಂತಿದ್ದೀನಿ. ಭಾರತದ ಹೊರಗೆರೆ ಬರೆಯೋ ಅಭ್ಯಾಸಕ್ಕೆ ಹೋಗೋ ಗಂಟೆಗಳಲ್ಲಿ ಅರ್ಧ ಕೊಡಿ ಸಾಕು. ಹೊರಗೆರೆಯನ್ನ ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿ. ಅದರ ಜೊತೆ ಒಂದು ನಕ್ಷೆ ತುಂಡು ಕೊಟ್ಟು ಕೇಳಿ: ಈ ಕೆರೆಯ ನೀರು ಯಾವ ಕಡೆ ಹರಿಯುತ್ತೆ? ಈ ಎರಡು ಊರಿನ ನಡುವೆ ಎಷ್ಟು ದೂರ? ಈ ನಕ್ಷೆಯಿಂದ ಹೇಳೋಕಾಗದೇ ಇರೋದು ಯಾವುದು? ಕೊನೆಯ ಪ್ರಶ್ನೆಗೇ ಜಾಸ್ತಿ ಅಂಕ ಇಡಿ. ಬಾಯಿಪಾಠಕ್ಕೆ ಸಿಗದ ಪ್ರಶ್ನೆ ಅದು.

ಪ್ರತಿ ಪ್ರೌಢಶಾಲೆಯ ಗೋಡೆಯಲ್ಲಿ ಎರಡು ಪ್ರಪಂಚ ನಕ್ಷೆ ಪಕ್ಕಪಕ್ಕ ಇರಲಿ, ಒಂದು ಮರ್ಕೇಟರ್, ಒಂದು ವಿಸ್ತೀರ್ಣ ಸರಿಯಿರೋದು. ಯಾವುದು ನಿಜ ಅಂತ ಮಕ್ಕಳು ಕೇಳೇ ಕೇಳ್ತಾರೆ, ಪಾಠ ಅಲ್ಲೇ ಶುರುವಾಗುತ್ತೆ. ಅದರ ಕೆಳಗೆ ಆ ಊರಿನ ಗ್ರಾಮ ನಕ್ಷೆ ಮತ್ತು ಆ ಸೀಮೆಯ ಟೋಪೋಶೀಟ್ ಇರಲಿ, ಹೆಸರುಗಳು ಕನ್ನಡದಲ್ಲಿರಲಿ. ಗ್ರಾಮ ಪಂಚಾಯಿತಿಗೆ ಬರೋ ಯಾವುದೇ ಯೋಜನೆಯ ನಕ್ಷೆಗೆ, ಹೆದ್ದಾರಿಯಾಗಲಿ ಕೈಗಾರಿಕಾ ಪ್ರದೇಶವಾಗಲಿ ಸೂಕ್ಷ್ಮ ವಲಯವಾಗಲಿ, ಪ್ರಮಾಣ ಎಷ್ಟು, ಅಳತೆ ಯಾವ ವರ್ಷದ್ದು, ಮಾಡಿದ್ದು ಯಾರು ಅನ್ನೋ ಮೂರು ಸಾಲು ಕನ್ನಡದಲ್ಲಿ ಕಡ್ಡಾಯ ಆಗಲಿ. ಔಷಧಿ ಬಾಟಲಿ ಮೇಲೆ ತಾರೀಖು ಇಲ್ಲದಿದ್ರೆ ಮುಟ್ಟಲ್ಲ ನಾವು. ಮನೆ ಜಮೀನು ನುಂಗೋ ನಕ್ಷೆ ಮೇಲೆ ತಾರೀಖು ಇದೆಯಾ ಅಂತ ನೋಡೋದೂ ಇಲ್ಲ.

ನಕ್ಷೆ ಮಾಡೋರು ಇನ್ನು ಮುಂದೆ ಜಾಸ್ತಿ ಆಗ್ತಾರೆ, ಕಮ್ಮಿ ಆಗಲ್ಲ. ಡ್ರೋನ್ ಹಾರ್ತಿವೆ, ಉಪಗ್ರಹ ಸುತ್ತುತ್ತಿವೆ, ನಾವು ಹೋದಲ್ಲೆಲ್ಲ ಮೊಬೈಲು ಚುಕ್ಕೆ ಇಡ್ತಿದೆ. ನಮ್ಮ ಊರು, ನಮ್ಮ ಹೊಲ, ನಮ್ಮ ಓಡಾಟ ಎಲ್ಲಾ ಯಾರದೋ ನಕ್ಷೆಯೊಳಗೆ ಆಗಲೇ ಸೇರಿಕೊಂಡಿದೆ. ಅದನ್ನ ನಾಳೆ ಮೇಜಿನ ಮೇಲೆ ಹರಡಿ "ನೋಡಿ, ನಕ್ಷೆಯಲ್ಲೇ ಇದೆಯಲ್ಲ" ಅಂತಾರೆ. ಆ ಹೊತ್ತಿಗೆ ನಮ್ಮ ಮಕ್ಕಳು ಕಾಂಡ್ಲಾ ಬಂದರು ಎಲ್ಲಿದೆ ಅಂತ ತೋರಿಸಿದ್ರೆ ಏನೂ ಪ್ರಯೋಜನ ಇಲ್ಲ. "ಈ ಗೆರೆ ಎಷ್ಟು ದಪ್ಪ, ಎಳೆದವರು ಯಾರು" ಅಂತ ಕೇಳಬೇಕು. ಕೇಳೋಕೆ ಕಲಿಸಿ.